ಒಂದು ಮೂಲೆ ಬಿಟ್ಟ ಕೌದಿ

ಪುರಾಣದ ವೀರರಿಗೆ ರಥ ಇರುತ್ತದೆ, ಬತ್ತಳಿಕೆ ಇರುತ್ತದೆ, ಊದುವ ಶಂಖಕ್ಕೂ ಒಂದು ಹೆಸರಿರುತ್ತದೆ. ಆಳಂದದ ಕಸ್ತೂರಿಬಾಯಿಗೆ ಇದ್ದದ್ದು ನಾಲ್ಕು ಬೆರಳುದ್ದದ ಒಂದು ಸೂಜಿ, ಕಡ್ಡಿ ಮುರಿದ ಒಂದು ಛತ್ರಿ ಮತ್ತು ಚಂದ್ರಾಮಪ್ಪ ಎಂಬ ಗಂಡ. ಮೂರರಲ್ಲಿ ಅತಿ ಕಡಿಮೆ ಸದ್ದು ಮಾಡುತ್ತಿದ್ದುದು ಗಂಡ. ಕೋರ್ಟಿನ ಎದುರು ಆತನ ಚಹಾದಂಗಡಿ ಇತ್ತು. ಎರಡು ಕಡೆಯ ವಕೀಲರ ಜಗಳವನ್ನೂ ಒಂದೇ ಕೆಟಲಿನಿಂದ ತಣಿಸುತ್ತಿದ್ದ ಈ ಮಹಾನುಭಾವ ದಿನಕ್ಕೆ ಹತ್ತು ಮಾತು ಆಡಿದರೆ ಅದರಲ್ಲಿ ಎಂಟು "ಸಕ್ಕರಿ ಸಾಕೇನ್ರಿ?" ಎಂಬುದೇ ಆಗಿರುತ್ತಿತ್ತು.

ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ಎಡಕ್ಕೆ ಹೋದರೆ ದವಾಖಾನೆ, ಬಲಕ್ಕೆ ಹೋದರೆ ಪೊಲೀಸ್ ಠಾಣೆ, ನೆಟ್ಟಗೆ ನೋಡಿದರೆ ಕೋರ್ಟು. ಹೊಡೆತ ತಿಂದ ಮನುಷ್ಯ ನಮ್ಮ ದೇಶದಲ್ಲಿ ಎಲ್ಲೆಲ್ಲಿ ಅಲೆಯಬೇಕೋ ಆ ಮೂರೂ ಕ್ಷೇತ್ರಗಳ ನಟ್ಟನಡುವೆ ಕಸ್ತೂರಿಬಾಯಿಯ ಕೋಟೆ. ಆಕೆ ಹೊಟ್ಟೆಪಾಡಿಗೆ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಹರಿದ ಧೋತ್ರ, ಕುಪ್ಪಸದ ತುಂಡು, ಯಾವುದನ್ನು ಕೊಟ್ಟರೂ ಪದರದ ಮೇಲೆ ಪದರ ಹಾಸಿ, ಮೇಲೆ ತೇಪೆ ಇಟ್ಟು, ಗೆರೆಗೆರೆಯಾಗಿ ಹೊಲಿದು, ಚಳಿಗಾಲಕ್ಕೆ ಹೊದೆಯುವಂತೆ ಮಾಡಿಕೊಡುತ್ತಿದ್ದಳು.

ಆಕೆಯ ಬಲಗಿವಿಯ ಹಾಲೆ ಹರಿದು ಎರಡಾಗಿತ್ತು. ಅದರ ಕಥೆ ಸಣ್ಣದು. ಎಪ್ಪತ್ತೊಂದನೇ ಇಸವಿಯಲ್ಲಿ ತವರುಮನೆ ಹಿರೋಳ್ಳಿಗೆ ಹೋಗಿದ್ದಾಗ ಹೊಲದ ದಾರಿಯಲ್ಲಿ ಇಬ್ಬರು ಅಡ್ಡಗಟ್ಟಿ, ಬಡಿಗೆಯಿಂದ ಬಾರಿಸಿ, ಬೆಂಡೋಲೆ ಕಿತ್ತುಕೊಂಡು ರಾಜ್ಯದ ಗಡಿ ದಾಟಿ ಓಡಿದರು. ಆಮೇಲೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಏನಾತು?" ಬಂಧುಗಳು ಕೇಳಿದರು, ಬೀಗರು ಕೇಳಿದರು, ಬರೆದುಕೊಳ್ಳುವವರು ಕೇಳಿದರು, ಬರೆದುಕೊಳ್ಳದವರೂ ಕೇಳಿದರು. ಕಸ್ತೂರಿಬಾಯಿಯ ಪ್ರಕಾರ ಒಟ್ಟು ಹದಿನೇಳು ಮಂದಿ. "ಹದಿನೇಳು ಮಂದ್ಯಾಗ ಒಬ್ಬನರ 'ಉಂಡೀಯೇನ್ ಬೇ?' ಅಂದಿದ್ರ ನಾ ಅವತ್ತ ಅರ್ಧ ಆರಾಮ ಆಗತಿದ್ದೆ" ಎಂದು ಆಕೆ ಮುಂದೆ ಹೇಳುತ್ತಿದ್ದಳು.

ಆ ಒಂದು ವಾಕ್ಯದ ಮೇಲೆ ಆಕೆ ತನ್ನ ಸಾಮ್ರಾಜ್ಯ ಕಟ್ಟಿದಳು. ದವಾಖಾನೆಯ ಆಯಾ ಬದರುನ್ನಿಸಾ ಆಕೆಯ ಗೂಢಚಾರಿಣಿ. ಹೊಡೆತ ತಿಂದ ಹೆಂಗಸು ಒಬ್ಬಳೇ ಬಂದಿದ್ದಾಳೆ ಎಂದರೆ ಬದರುನ್ನಿಸಾ ಹಿತ್ತಲ ಗೋಡೆಯ ಮೇಲಿಂದ "ಆಪಾ, ರೊಟ್ಟಿ ಒಂದು ಜಾಸ್ತಿ ಬಡೀರಿ" ಎಂದು ಕೂಗುತ್ತಿದ್ದಳು. ಕಸ್ತೂರಿಬಾಯಿ ರೊಟ್ಟಿ, ಝುಣಕ, ಒಂದು ಒಗೆದ ಸೀರೆ ಹಿಡಿದು ಛತ್ರಿಯೊಂದಿಗೆ ದಂಡಯಾತ್ರೆ ಹೊರಡುತ್ತಿದ್ದಳು. ಉಣಿಸುತ್ತಿದ್ದಳು. ಸೀರೆ ಬದಲಿಸುತ್ತಿದ್ದಳು. ಠಾಣೆಗೆ ಜೊತೆಗೆ ಹೋಗಿ, ಬರೆದದ್ದನ್ನು ಎರಡು ಸಲ ಓದಿಸಿ ಕೇಳುತ್ತಿದ್ದಳು. ಮನೆಗೆ ಕರೆತಂದು, ಏನಾಯಿತೆಂದು ಕೇಳದೆ, ಕೈಗೆ ಸೂಜಿ ಕೊಟ್ಟು ಕೌದಿಯ ಅಂಚಿಗೆ ಕೂರಿಸುತ್ತಿದ್ದಳು. ಕೈ ಕೆಲಸದಲ್ಲಿದ್ದರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು ಆಕೆಯ ಸಿದ್ಧಾಂತ. ಮೂರನೆಯ ಗೆರೆ ದಾಟುವುದರೊಳಗೆ ಮಾತು ಬರದ ಹೆಂಗಸನ್ನು ಆಕೆ ಕಂಡಿರಲಿಲ್ಲ. ಸುದ್ದಿ ಹಬ್ಬಿ, ಅಫಜಲಪುರದಿಂದ, ಜೇವರ್ಗಿಯಿಂದ, ಸೊನ್ನದ ಹೊಳೆಸಾಲಿನಿಂದಲೂ ಹೆಣ್ಣುಮಕ್ಕಳು ಬಸ್ಸಿಳಿದು "ಕೌದಿ ಅಕ್ಕನ ಮನಿ ಎಲ್ರಿ?" ಎಂದು ಕೇಳುತ್ತಿದ್ದರು.

ಆ ಮನೆಯಲ್ಲಿ ಎರಡು ಕಟ್ಟಳೆಗಳಿದ್ದವು. ಕೌದಿ ಹಾಸಿದಾಗ ಅದರ ಅಂಚಿಗೆ ಕೂತವರು, ರಾಜನಿರಲಿ ರಾಣಿಯಿರಲಿ, ಒಂದು ಗೆರೆ ಹೊಲಿದೇ ಏಳಬೇಕು. ಇಲ್ಲದಿದ್ದರೆ ಕೌದಿ ಮುನಿಯುತ್ತದೆ. ಇನ್ನೊಂದು, ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕು. ಇಲ್ಲದಿದ್ದರೆ ಕೌದಿ ಹಸಿದಿರುತ್ತದೆ, ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ.

ಇನ್ನು ಆಕೆಯ ದೊಡ್ಡ ಯುದ್ಧಕ್ಕೆ ಬರೋಣ.

ಎಂಬತ್ತನಾಲ್ಕರ ಸುಗ್ಗಿಯ ದಿನಗಳು. ಮಟಕಿಯ ಶರಣಬಸಮ್ಮ ಎಂಬ ಇಪ್ಪತ್ತನಾಲ್ಕರ ಹೆಣ್ಣುಮಗಳು ದವಾಖಾನೆಗೆ ಬಂದಳು. ಗಂಡ ಸೊಲ್ಲಾಪುರದ ಗಿರಣಿಯಲ್ಲಿ, ಈಕೆ ಊರಲ್ಲಿ ಹೊಲ ನೋಡಿಕೊಂಡಿದ್ದಳು. ಪಕ್ಕದ ಹೊಲದ ಮಲ್ಕಪ್ಪ ಆಕೆಯ ನಿಂತ ಜೋಳದೊಳಗೆ ಎತ್ತು ಬಿಟ್ಟಿದ್ದ. "ಯಾಕಪಾ?" ಎಂದು ಕೇಳಿದ್ದಕ್ಕೆ ಕೈಯಲ್ಲಿದ್ದ ಕುಡುಗೋಲು ಬೀಸಿದ್ದ. ಎಡಭುಜಕ್ಕೆ ಒಂಬತ್ತು ಹೊಲಿಗೆ ಬಿದ್ದವು. ಹವಾಲ್ದಾರ ಗುಡುಸಾಬ ದವಾಖಾನೆಗೇ ಬಂದು ಹೇಳಿಕೆ ಬರೆದುಕೊಂಡ. ಶರಣಬಸಮ್ಮ ನೋವಿನ ಭರದಲ್ಲಿ ಮಲ್ಕಪ್ಪನ ಹೆಸರು ಒಮ್ಮೆ ಹೇಳಿದಳು. ಆಮೇಲೆ ಬಾಯಿ ಮುಚ್ಚಿದವಳು ಬಿಚ್ಚಲಿಲ್ಲ. ಠಾಣೆಯ ಕಾಗದದಲ್ಲಿ ಹೆಸರು ಬರೆಸುವುದು ಬೇರೆ, ನಾಳೆ ಕಟಕಟೆಯಲ್ಲಿ ನಿಂತು ಅದೇ ಹೆಸರನ್ನು ಅವನ ಮುಖ ನೋಡುತ್ತ ಹೇಳುವುದು ಬೇರೆ. ಹೇಳದಿದ್ದರೆ ಮಲ್ಕಪ್ಪ ಮೀಸೆ ತಿರುವಿಕೊಂಡು ಊರಿಗೆ ಮರಳುತ್ತಾನೆ, ಆಕೆ ಹೊಲದ ಕಡೆ ತಲೆ ಹಾಕುವಂತಿಲ್ಲ. ಇದು ಕಸ್ತೂರಿಬಾಯಿಗೂ ಗೊತ್ತಿತ್ತು, ಶರಣಬಸಮ್ಮನಿಗೂ ಗೊತ್ತಿತ್ತು.

ಕಸ್ತೂರಿಬಾಯಿ ಎಂದಿನಂತೆ ಉಣಿಸಿದಳು, ಸೀರೆ ಬದಲಿಸಿ ಮನೆಗೆ ಕರೆತಂದಳು. ರಕ್ತವಾದ ಹಸಿರು ಸೀರೆಯ ಗಂಟನ್ನು ಬದರುನ್ನಿಸಾ ಕೈಗಿಟ್ಟಳು. ಇಲ್ಲೇ ನಮ್ಮ ವೀರಾಗ್ರಣಿ ಎಡವಿದ್ದು. ಯಾವ ಹೆಣ್ಣುಮಗಳೂ ತನ್ನ ರಕ್ತವನ್ನು ತಾನೇ ಎರಡನೇ ಸಲ ನೋಡಬಾರದು ಎಂಬುದು ಆಕೆಯ ವ್ರತ. ತಣ್ಣೀರು, ಉಪ್ಪು, ಲಿಂಬೆಹಣ್ಣು, ಉರಿಬಿಸಿಲು, ಈ ಚತುರಂಗ ಬಲದ ಮುಂದೆ ಯಾವ ಕಲೆಯೂ ನಿಂತದ್ದಿಲ್ಲ. ಮರುದಿನ ಬೆಳಗ್ಗೆ ಸೀರೆ ಮಗುವಿನ ಮುಖದಂತೆ ಹೊಳೆಯುತ್ತಿತ್ತು. ಹರಿದ ಸೀರೆಯನ್ನು ಉಡಲಂತೂ ಬಾರದು, ಬಿಸಾಡಲು ಮನಸ್ಸು ಬಾರದು. ಕೌದಿಗೆ ಹಾಸಿದಳು. ಭುಜದ ಹತ್ತಿರ ಗೇಣುದ್ದ ಸೀಳಿದ್ದ ಜಾಗದ ಮೇಲೆ ಒಂದು ಕೆಂಪು ತೇಪೆ ಇಟ್ಟು ಶರಣಬಸಮ್ಮನ ಕೈಗೆ ಸೂಜಿ ಕೊಟ್ಟಳು.

ಆ ಹೊತ್ತಿಗೇ ಮಟಕಿಯ ದೌಲತರಾಯ ಒಳಗೆ ಬಂದರು. ಅರವತ್ತು ದಾಟಿದ ಹಿರಿಯರು, ಮಲ್ಕಪ್ಪನ ದೊಡ್ಡಪ್ಪ. ಊರಲ್ಲಿ ಅವರ ರುಮಾಲು ಅಲುಗಿದರೆ ಪಂಚಾಯ್ತಿ ಮುಗಿಯಿತು ಎಂದರ್ಥ.

"ಕಸ್ತೂರಿಬಾಯಿ, ಊರ ಮಾತು ಊರಾಗ ಮುಗೀಲಿ. ಹುಡುಗ ಸಿಟ್ಟಿನ್ಯಾಗ ಕೈ ಮಾಡ್ಯಾನ. ರಾಜಿ ಮಾಡೂಣು" ಎಂದರು.

"ಮಾತಾಡೂಣಂತ್ರಿ ಗೌಡ್ರೆ, ಮೊದ್ಲ ಕುಂದರ್ರಿ. ಉಂಡೀರೇನು?"

"ಉಂಡೇ ಬಂದೀನಿ."

"ಹಂಗಾದ್ರ ಸೂಜಿ ಹಿಡೀರಿ."

"ಏನ ಹಿಡೀಲಿ?"

"ಸೂಜಿರಿ. ಕೌದಿ ಅಂಚಿಗಿ ಕುಂತೀರಿ ನೋಡ್ರಿ. ಒಂದು ಗೆರಿ ಹಾಕದ ಎದ್ರ ಅದು ಮುನೀತದ."

"ನಾ ಮಟಕಿ ದೌಲತರಾಯ ಬೇ!"

"ಅದಕ್ಕ ಗೊತ್ತಿಲ್ರಿ ಪಾಪ, ಅರಿಬಿ ಅದು."

ಗೌಡರು ಏಳಲು ನೋಡಿದರು. ಆದರೆ ಮುನಿಸಿನ ಮಾತು ಕಿವಿಗೆ ಬಿದ್ದ ಮೇಲೆ ಏಳುವ ಧೈರ್ಯ ನಮ್ಮ ಕಡೆಯ ಹಿರಿಯರಿಗೆ ಬರುವುದಿಲ್ಲ. ಸೂಜಿ ಹಿಡಿದರು. ತೇಪೆಯನ್ನು ಸರಿಯಾಗಿ ಕೂರಿಸಲೆಂದು ಎತ್ತಿದಾಗ ಕೆಳಗಿನ ಸೀಳು ಕಂಡಿತು.

"ಇದೇನಿದು, ಇಷ್ಟುದ್ದ ಹರದದಲ್ಲ?"

"ಕತ್ತರಿ ತಾಗಿರಬೇಕೇನ್ರಿ?" ಎಂದಳು ಕಸ್ತೂರಿಬಾಯಿ, ಅಮಾಯಕಿಯ ಹಾಗೆ.

"ಹುಚ್ಚೀನ ಏನ್ ನೀ! ಕತ್ತರಿ ಎಲ್ಲೀದು? ಇದು ಕುಡುಗೋಲಿಂದು. ನೋಡಿಲ್ಲೆ, ಹೆಂಗ ಎಳದದ..." ಎಂದು ಹೆಬ್ಬೆರಳಿನಿಂದ ಸೀಳನ್ನು ಸವರುತ್ತ ಹೊರಟವರು ಅರ್ಧದಲ್ಲಿ ನಿಂತರು. ಎದುರಿಗೆ ಶರಣಬಸಮ್ಮ ಭುಜಕ್ಕೆ ಬಿಳಿ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಆಮೇಲೆ ಗೌಡರು ಸೂಜಿಗೇ ಕಣ್ಣು ನೆಟ್ಟರು. ಕೆಂಪು ತೇಪೆಯ ಮೇಲೆ ಅಮರ್ಜಾ ಹೊಳೆಯ ಹಾಗೆ ಆ ಕಡೆ ಈ ಕಡೆ ತಿರುಗುವ ಒಂದು ಗೆರೆ ಹೊಲಿದು, ರಾಜಿಯ ಮಾತನ್ನು ಅಲ್ಲೇ ಬಿಟ್ಟು, ರುಮಾಲು ಸರಿಮಾಡಿಕೊಂಡು ಹೊರಟುಹೋದರು.

ಅವರ ಬೆನ್ನು ಮರೆಯಾದ ಮೇಲೆ ಶರಣಬಸಮ್ಮ ಮೊದಲ ಬಾರಿ ನಕ್ಕಳು. "ಅಕ್ಕೋರೆ, ಗೌಡ್ರ ಗೆರಿಗಿಂತ ನಮ್ಮ ಎತ್ತು ಉಚ್ಚಿ ಹೊಯ್ದದ್ದು ನೆಟ್ಟಗಿರ್ತದ" ಎಂದಳು. ನಗು ಬಂದ ದಾರಿಯಲ್ಲೇ ಮಾತೂ ಬಂತು. ಮೊದಲ ಗೆರೆಯಲ್ಲಿ ಎತ್ತು ಜೋಳಕ್ಕೆ ನುಗ್ಗಿದವು, ಎರಡನೆಯದರಲ್ಲಿ ಮಲ್ಕಪ್ಪ ಬೈದ, ಮೂರನೆಯದರಲ್ಲಿ ಕುಡುಗೋಲು ಬಿತ್ತು. ಕಸ್ತೂರಿಬಾಯಿ ನಡುನಡುವೆ "ದಾರ ಬಿಗಿ ಎಳೀಬ್ಯಾಡ" ಎಂದದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ.

ಮೂರನೆಯ ದಿನ ಹವಾಲ್ದಾರ ಗುಡುಸಾಬ ಇಬ್ಬರು ಪಂಚರನ್ನು ಕರೆದುಕೊಂಡು ಬಂದ.

"ಅಕ್ಕಾ, ಆ ಹೆಣಮಗಳ ಸೀರಿ ಕೊಡ್ರಿ, ಜಪ್ತಿ ಮಾಡ್ಬೇಕು."

"ಅಗೋ ಅಲ್ಲೇ ಅದ ನೋಡ್ರಿ."

"ಎಲ್ಲಿ?"

"ಮ್ಯಾಲಿಂದ ಎರಡನೇದು."

ಗುಡುಸಾಬ ಕೌದಿಯನ್ನು ನೋಡಿದ, ಕಸ್ತೂರಿಬಾಯಿಯನ್ನು ನೋಡಿದ, ಟೋಪಿ ತೆಗೆದು ನೆಲಕ್ಕೆ ಕೂತ. "ಯಾ ಅಲ್ಲಾ! ಕೇಸಿನ ಮುದ್ದೆಮಾಲು ಕೌದಿ ಮಾಡೀರಿ? ರಕ್ತ ಎಲ್ಲದ?"

"ಒಗದೀನಿ."

"ಒಗದೀರಿ!"

"ಉಪ್ಪು ಹಚ್ಚಿ ಒಗದೀನಿ."

"ಅಕ್ಕಾ, ಅದು ಕೋರ್ಟಿಗೆ ತೋರಿಸೋ ಪುರಾವೆ. ಕಳ್ಳರೂ ಇಷ್ಟು ಸ್ವಚ್ಛ ಒಗಿಯಂಗಿಲ್ರಿ!"

ಹದಿಮೂರು ವರ್ಷ ಯಾರೆದುರೂ ಬಗ್ಗದ ಕಸ್ತೂರಿಬಾಯಿಯ ಮುಖ ಸುಣ್ಣದಂತಾಯಿತು. ಆ ಹೆಣ್ಣುಮಗಳ ಬಾಯಿ ಬಿಡಿಸಿದ ಕೈಯೇ ಆಕೆಯ ಕೇಸನ್ನು ಲಿಂಬೆಹಣ್ಣು ಹಿಂಡಿ ಒಗೆದುಬಿಟ್ಟಿತ್ತು. "ಈಗ ಬಿಚ್ಚಿ ಕೊಡ್ತೀನಿ ತಡೀರಿ" ಎಂದು ಹರಿದ ಕಿವಿಯನ್ನು ಹಿಡಿದುಕೊಂಡೇ ಸೂಜಿಗೆ ತಡಕಾಡಿದಳು.

"ಬಿಚ್ಚಬ್ಯಾಡ್ರಿ! ಕೈ ಹಚ್ಚಿದ್ರ ಇನ್ನೊಂದು ಕೇಸ್ ಆಗ್ತದ. ಹೆಂಗದನೋ ಹಂಗೇ ಒಯ್ತೀನಿ."

ಹೀಗೆ ಆಳಂದದ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಕೌದಿಯ ಬಂಧನವಾಯಿತು. ಗುಡುಸಾಬ ಬಹಳ ಹೊತ್ತು ಪೆನ್ನು ಕಚ್ಚಿ ಪಂಚನಾಮೆ ಬರೆದ: "ಸುಮಾರು ನಾಲ್ಕು ಮೊಳ ಉದ್ದದ, ಇಂಥದೇ ಬಣ್ಣವೆಂದು ಹೇಳಲು ಬಾರದ, ಮೂರು ಮೂಲೆ ಮುಗಿದು ಒಂದು ಮೂಲೆ ಬಿಟ್ಟಿರುವ ಕೌದಿ, ಒಂದು. ಸದರಿ ಕೌದಿಯ ಒಳಗೆ ಸೀರೆ, ಒಂದು." ಸುತ್ತಿ, ದಾರ ಕಟ್ಟಿ, ಬಿಟ್ಟ ಮೂಲೆಯ ಮೇಲೆ ಕೆಂಪು ಅರಗು ಸುರಿದು ಮುದ್ರೆ ಒತ್ತಿದ. ಕೌದಿ ಹಸಿದುಕೊಂಡೇ ಕೋರ್ಟಿನ ಕೋಣೆ ಸೇರಿತು.

ಮುಂದೆ ಒಂದು ವರ್ಷ ಎರಡು ತಿಂಗಳು ತಾರೀಖುಗಳು ಬಿದ್ದವು. ಪ್ರತಿ ತಾರೀಖಿಗೂ ಶರಣಬಸಮ್ಮ ಮಟಕಿಯಿಂದ ಬಸ್ಸಿಗೆ ಬರುತ್ತಿದ್ದಳು. ಬಸ್ಸಿಳಿದ ಕೂಡಲೇ ಛತ್ರಿಯೊಂದು ಕಾದಿರುತ್ತಿತ್ತು. ಮಲ್ಕಪ್ಪನ ಕಡೆಯವರು ಕೋರ್ಟಿನ ಬೇವಿನ ಮರದ ಕೆಳಗೆ ನಿಂತು ಕೆಮ್ಮಿದರೆ ಛತ್ರಿ ಫಟ್ಟನೆ ಬಿಚ್ಚಿಕೊಂಡು ನಡುವೆ ಬರುತ್ತಿತ್ತು. ಮುರಿದ ಕಡ್ಡಿ ಯಾರ ಕಣ್ಣಿಗೆ ಚುಚ್ಚುವುದೋ ಹೇಳಲಾಗದ್ದರಿಂದ ಶತ್ರುಸೈನ್ಯ ದೂರವೇ ಇರುತ್ತಿತ್ತು. ವಿಚಾರಣೆ ಮುಂದಕ್ಕೆ ಹೋದ ದಿನ ಇಬ್ಬರೂ ಇನ್ನೊಂದು ಕೌದಿಗೆ ಕೂರುತ್ತಿದ್ದರು.

ಕಟಕಟೆಯ ತಾಲೀಮೂ ನಡೆಯಿತು. ಕಟ್ಟಿಗೆಯ ಪೆಟ್ಟಿಗೆಯೇ ಕಟಕಟೆ, ಕಸ್ತೂರಿಬಾಯಿಯೇ ನ್ಯಾಯಾಧೀಶೆ. ಎದುರಾಳಿ ವಕೀಲನ ಪಾತ್ರಕ್ಕೆ ಚಂದ್ರಾಮಪ್ಪನನ್ನು ಅಂಗಡಿಯಿಂದ ಎಳೆದು ತರಲಾಯಿತು. ಆತ ಹೆಗಲಿಗೆ ಕಪ್ಪು ಟವೆಲು ಹೊದ್ದು ನಿಂತ. ನಿಂತೇ ಇದ್ದ.

"ಏನರ ಕೇಳ್ರಿ ವಕೀಲ್ರೆ!" ಎಂದಳು ನ್ಯಾಯಾಧೀಶೆ.

ಚಂದ್ರಾಮಪ್ಪ ಬಹಳ ಯೋಚಿಸಿ, "ಚಾ ಕುಡೀತಿಯೇನವ್ವ?" ಎಂದ.

"ಇದೇನ್ ಪಾಟೀಸವಾಲೇನ್ರಿ? ಬೆದರಸ್ರಿ ಆಕಿನ!"

"ಸಕ್ಕರಿ ಇಲ್ಲದ್ದು ಕುಡೀತಿಯೇನು?" ಎಂದ ಚಂದ್ರಾಮಪ್ಪ, ತನಗೆ ಗೊತ್ತಿದ್ದ ಅತಿ ಕ್ರೂರವಾದ ಪ್ರಶ್ನೆಯನ್ನು ಹುಡುಕಿ. ಶರಣಬಸಮ್ಮ ಪೆಟ್ಟಿಗೆಯ ಮೇಲಿಂದ ಜಾರಿ ಬೀಳುವಷ್ಟು ನಕ್ಕಳು.

ಎಂಬತ್ತೈದರ ಏಪ್ರಿಲ್‌ನಲ್ಲಿ ನಿಜವಾದ ದಿನ ಬಂತು. ಕೋರ್ಟಿನ ಪಂಖ ಕಿರ್ರೆನ್ನುತ್ತಿತ್ತು. ಮಟಕಿಯ ಅರ್ಧ ಊರು ಹಿಂದಿನ ಬೆಂಚುಗಳಲ್ಲಿತ್ತು, ನಡುವೆ ದೌಲತರಾಯರ ರುಮಾಲು. ಮಲ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಟಕಟೆಗೆ ಹತ್ತಿದ ಶರಣಬಸಮ್ಮನನ್ನು ನೆಟ್ಟ ನೋಟದಿಂದ ನೋಡಿದ. ಸರ್ಕಾರಿ ವಕೀಲರು "ಅವತ್ತು ನಿಮ್ಮನ್ನು ಹೊಡೆದವರು ಯಾರು?" ಎಂದು ಕೇಳಿದರು.

ಮಾತಿಲ್ಲ. ಮತ್ತೆ ಕೇಳಿದರು. ಆಕೆಯ ತುಟಿಗಳು ಅಲುಗಿದವು, ಸ್ವರ ಹೊರಡಲಿಲ್ಲ. ಮಲ್ಕಪ್ಪನ ಮೀಸೆಯ ತುದಿ ಮೇಲೇರಿತು. ಸಾಕ್ಷಿಯಾದ್ದರಿಂದ ಕಸ್ತೂರಿಬಾಯಿಯನ್ನು ಹೊರಗೆ ಕೂರಿಸಿದ್ದರು. ಬಾಗಿಲ ಆಚೆ ಆಕೆ ಛತ್ರಿಯ ಹಿಡಿಕೆಯನ್ನು ಹಿಂಡುತ್ತಿದ್ದಳು. ಆಕೆಯ ಆಯುಧಗಳೆಲ್ಲ ನಿರುಪಯೋಗ.

ಸರ್ಕಾರಿ ವಕೀಲರು ಕೊನೆಗೆ "ಮುದ್ದೆಮಾಲು ತೋರಿಸಲು ಅಪ್ಪಣೆಯಾಗಬೇಕು" ಎಂದರು. ಅರಗು ಒಡೆದರು. ಮೇಜಿನ ಮೇಲೆ ಕೌದಿ ಬಿಚ್ಚಿಕೊಂಡಿತು. ಬೆಂಚುಗಳಲ್ಲಿ ಕಿಸಕ್ಕೆಂದು ನಗು. ನ್ಯಾಯಾಧೀಶರು ಕನ್ನಡಕ ಏರಿಸಿ, "ಇದರಲ್ಲಿ ನಿಮ್ಮ ಸೀರೆ ಯಾವುದಮ್ಮಾ?" ಎಂದು ಕೇಳಿದರು.

ಶರಣಬಸಮ್ಮ ಕೈ ಚಾಚಿದಳು. ಬೆರಳುಗಳು ಹಸಿರು ಬಟ್ಟೆಯನ್ನು ಮುಟ್ಟಿ, ತಾನು ಹಾಕಿದ ಮೊದಲ ಗೆರೆಯನ್ನು ಹುಡುಕಿಕೊಂಡವು. ಹೊಲಿಗೆಯ ಮೇಲೆ ಬೆರಳು ಸರಿಯುತ್ತಿದ್ದಂತೆ ಸ್ವರ ಬಂತು. "ಇದು ನಂದ್ರಿ. ಎತ್ತು ಮೊದ್ಲ ಬಂದ್ವು..." ಎಂದಳು. ಎರಡನೆಯ ಗೆರೆಗೆ ಬೈಗುಳ ಬಂತು. ಮೂರನೆಯದಕ್ಕೆ ತಲೆ ಎತ್ತಿ, ಇಸ್ತ್ರಿ ಅಂಗಿಯ ಕಡೆ ನೇರವಾಗಿ ನೋಡಿ, "ಕುಡುಗೋಲು ಬೀಸ್ದಾವ ಇವನ್ರಿ, ಮಲ್ಕಪ್ಪ" ಎಂದಳು. ಮೀಸೆಯ ತುದಿ ಇಳಿಯಿತು.

ಮುಂದಿನ ಸಾಕ್ಷಿ ಕಸ್ತೂರಿಬಾಯಿ. ಮಲ್ಕಪ್ಪನ ವಕೀಲರು ಕತ್ತಿ ಹಿರಿದರು. "ನೀವು ಸೀರೆ ಒಗೆದಿರಿ, ಹೊಲಿದಿರಿ. ಆ ಸೀಳನ್ನೂ ನೀವೇ ಕತ್ತರಿಯಿಂದ ಮಾಡಿದಿರಿ. ಹೌದಲ್ಲವೇ?"

"ಒಗದದ್ದು ಹೌದ್ರಿ, ತಪ್ಪಾಗ್ಯದ. ಹೊಲದದ್ದೂ ಹೌದು. ಕತ್ತರಿ ಹಚ್ಚಿಲ್ಲ. ಬಿಚ್ಚಿ ತೋರಸ್ಲೇನ್ರಿ?"

ಅಪ್ಪಣೆಯಾಯಿತು. ಆಕೆ ತುರುಬಿನಿಂದ ಸೂಜಿ ಎಳೆದಳು. ದ್ರೌಪದಿ ಮುಡಿ ಬಿಚ್ಚಿದಾಗಲೂ ಸಭೆ ಅಷ್ಟು ನಿಶ್ಶಬ್ದವಾಗಿತ್ತೋ ಇಲ್ಲವೋ. ಕೆಂಪು ತೇಪೆಯ ಹತ್ತಿರ ಬಂದು ಕೈ ತಡೆದು, ಹಿಂದಿನ ಬೆಂಚಿನ ಕಡೆ ತಿರುಗಿದಳು. "ಗೌಡ್ರೆ, ನಿಮ್ಮ ಗೆರಿ ಬಿಚ್ಚಾಕತ್ತೇನಿ. ಸಿಟ್ಟಾಗಬ್ಯಾಡ್ರಿ."

ಮಟಕಿಯ ಅರ್ಧ ಊರು ಒಟ್ಟಿಗೇ ತಿರುಗಿ ದೌಲತರಾಯರನ್ನು ನೋಡಿತು. ಅವರ ಗೆರೆ? ದೌಲತರಾಯರು ಕೌದಿ ಹೊಲಿದಿದ್ದಾರೆಯೇ? ನ್ಯಾಯಾಧೀಶರಿಗೂ ಕುತೂಹಲ ಹುಟ್ಟಿತು. ವಿಷಯ ಕೇಳಿ, ಹಿರಿಯರನ್ನು ಕರೆಸಿ ಪ್ರಮಾಣ ಮಾಡಿಸಿದರು.

"ಈ ಹೊಲಿಗೆ ನಿಮ್ಮದೇನು?"

"ಸೊಟ್ಟ ಅದ ಅಂದ್ಮ್ಯಾಲ ನಂದೇ ಇರ್ಬೇಕ್ರಿ" ಎಂದರು ಗೌಡರು, ಕಿವಿ ಕೆಂಪು ಮಾಡಿಕೊಂಡು.

ತೇಪೆ ಎದ್ದಿತು. ಗೇಣುದ್ದದ ಸೀಳು ಬೆಳಕಿಗೆ ಬಂತು. "ಇದು ಕತ್ತರಿಯಿಂದ ಆದದ್ದು ಎನ್ನುತ್ತಾರೆ. ಅವತ್ತು ನೀವೂ ನೋಡಿದ್ದಿರಂತೆ. ಏನು ಹೇಳುತ್ತೀರಿ?"

ಗೌಡರು ತಮ್ಮನ ಮಗನನ್ನು ನೋಡಿದರು. ಬಟ್ಟೆಯನ್ನು ನೋಡಿದರು. ಒಂದು ಕಡೆ ಮನೆತನ, ಇನ್ನೊಂದು ಕಡೆ ನಲವತ್ತು ಸುಗ್ಗಿ ಕೊಯ್ದ ಹೆಬ್ಬೆರಳು. ಆ ಹೆಬ್ಬೆರಳು ತಾನಾಗಿಯೇ ಸೀಳಿನ ಮೇಲೆ ಹೋಯಿತು. ಕುಡುಗೋಲಿನ ಗುರುತನ್ನು ಕತ್ತರಿಯದೆಂದು ಸುಳ್ಳು ಹೇಳಿದರೆ ನಾಳೆ ಊರ ಹುಡುಗರೂ ನಗುತ್ತಾರೆ ಎಂದು ಅನಿಸಿತೋ, ಬಿಳಿ ಪಟ್ಟಿ ನೆನಪಾಯಿತೋ, ಅವರೇ ಬಲ್ಲರು.

"ಸಾಹೇಬ್ರ, ಕತ್ತರಿ ಎರಡೂ ಕಡೆಯಿಂದ ಕಚ್ಚತದ. ಕುಡುಗೋಲು ಒಂದೇ ಕಡೆ ಎಳೀತದ. ಇಲ್ಲಿ ಎಳಿ ನೋಡ್ರಿ, ಎಲ್ಲಾ ಒಂದೇ ಕಡಿ ಎದ್ದಾವ. ಕತ್ತರಿ ಅನ್ನಾವ ಜೋಳ ಕೊಯ್ದಿಲ್ಲ" ಎಂದು ವಕೀಲರನ್ನು ಆಪಾದಮಸ್ತಕ ನೋಡಿ, "ಪಾಪ, ಓದಿದವ್ರು" ಎಂದರು.

ದವಾಖಾನೆಯ ಕಾಗದ ಹೇಳಿದ ಗಾಯವೂ ಬಟ್ಟೆಯ ಸೀಳೂ ತಾಳೆಯಾದವು. ಮಲ್ಕಪ್ಪನಿಗೆ ಒಂದು ವರ್ಷದ ಶಿಕ್ಷೆಯಾಯಿತು. ದೌಲತರಾಯರು ಹೊರಗೆ ಬಂದು ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದರು. ಚಂದ್ರಾಮಪ್ಪ ತಾನಾಗಿ ಒಂದು ಕಪ್ ಚಹಾ ಒಯ್ದು ಕೊಟ್ಟ. "ಸಕ್ಕರಿ ಸಾಕೇನ್ರಿ?" ಎಂದ. "ಸಾಕು" ಎಂದರು ಗೌಡರು. ಆ ವರ್ಷದ ಬಿತ್ತನೆಗೆ ಶರಣಬಸಮ್ಮನ ಹೊಲದ ಬದುವಿನ ಕಲ್ಲುಗಳನ್ನು ಅವರೇ ನಿಂತು ನೆಡಿಸಿದರು ಎಂಬ ಸುದ್ದಿ ಬಸ್ಸಿನಲ್ಲಿ ಆಳಂದಕ್ಕೆ ಬಂತು.

ಅಪೀಲಿನ ಗಡುವು ಮುಗಿದು, ಕಾಗದಗಳು ಕಾಗದಗಳಿಗೆ ಉತ್ತರ ಬರೆದು, ಕೌದಿ ಬಿಡುಗಡೆಯಾದದ್ದು ಎಂಬತ್ತಾರರ ಚಳಿಗಾಲಕ್ಕೆ. ಗುಡುಸಾಬನೇ ಹೆಗಲ ಮೇಲೆ ಹೊತ್ತು ತಂದ. ಬದರುನ್ನಿಸಾ ಗೋಡೆ ಸುತ್ತಿ ಬಂದಳು. ಶರಣಬಸಮ್ಮ ಮಟಕಿಯಿಂದ ಬಂದಳು, ಜೊತೆಗೆ ಸೊಲ್ಲಾಪುರದ ಗಂಡನನ್ನೂ ತಂದಳು. ಕೌದಿ ಹಾಸಿದರು. ಕೆಂಪು ತೇಪೆಯನ್ನು ಮತ್ತೆ ಕೂರಿಸುವಾಗ ಕಸ್ತೂರಿಬಾಯಿ ನೇರ ಗೆರೆ ಹಾಕಲು ಹೊರಟಳು. ಶರಣಬಸಮ್ಮ ಕೈ ಹಿಡಿದಳು.

"ಬ್ಯಾಡ್ರಿ ಅಕ್ಕೋರೆ. ಗೌಡ್ರ ಸೂಜಿ ತೂತು ಹಂಗೇ ಅವ. ಅದ್ರಾಗೇ ಹಾಕ್ರಿ."

ಹಾಗಾಗಿ ಆಳಂದದ ಅತಿ ನೇರವಾದ ಕೈ ಅತಿ ಸೊಟ್ಟ ಗೆರೆಯನ್ನು, ಒಂದು ತೂತೂ ತಪ್ಪದಂತೆ, ಸೊಟ್ಟಸೊಟ್ಟಗೆ ಹೊಲಿಯಿತು. ಕಟ್ಟಳೆ ತಪ್ಪಬಾರದೆಂದು ಗುಡುಸಾಬನೂ ಒಂದು ಗೆರೆ ಹಾಕಿ, ಬೆರಳು ಚುಚ್ಚಿಕೊಂಡು, ಪಂಚನಾಮೆ ಮಾಡಬೇಕೆಂದ.

ಉಳಿದದ್ದು ನಾಲ್ಕನೆಯ ಮೂಲೆ. ಅದರ ಮೇಲೆ ಅರಗಿನ ಕಲೆ ರೂಪಾಯಿ ಅಗಲ ಕೂತಿತ್ತು. ಕಸ್ತೂರಿಬಾಯಿ ಹೊಲಿಗೆ ನಿಲ್ಲಿಸಿ ಯುದ್ಧ ಸಾರಿದಳು. ತಣ್ಣೀರು, ಉಪ್ಪು, ಲಿಂಬೆಹಣ್ಣು, ಕೊನೆಗೆ ಸೋಡಾ. ಕಲೆ ಅಲುಗಲಿಲ್ಲ. ಮೂರು ತಾಲೂಕುಗಳ ರಕ್ತವನ್ನು ಗೆದ್ದವಳು ಸರ್ಕಾರದ ಅರಗಿಗೆ ಸೋತು, ಸೊಂಟಕ್ಕೆ ಕೈ ಇಟ್ಟು ನಿಂತಳು.

"ಇರ್ಲಿ ಬಿಡ್ರಿ" ಎಂದಳು ಶರಣಬಸಮ್ಮ. "ಕುಂಕುಮ ಇಟ್ಟಂಗ ಕಾಣ್ತದ."

ಮೂಲೆಯ ಒಳಗೆ ರೊಟ್ಟಿಯ ಚೂರನ್ನು ಆಕೆಯೇ ಇಟ್ಟಳು. ಮೂರು ವರ್ಷದಿಂದ ಹಸಿದ ಕೌದಿ ಎಂದು ಚೂರು ಸ್ವಲ್ಪ ದೊಡ್ಡದೇ ಇತ್ತು. ಮುಚ್ಚಿ ಹೊಲಿದು, ಹಲ್ಲಿನಿಂದ ದಾರ ಕಡಿದು, ಗಂಡನ ಹೆಗಲಿಗೆ ಹೊರಿಸಿ, ಐದೂಕಾಲರ ಮಟಕಿ ಬಸ್ಸು ಹಿಡಿದಳು.